ಎರಡುತಲೆ ಹಾವಿನ ಮುಂಗಾರು

ತಿಪ್ಪೆ ಕೆದರಿದಾಗ ಏಳುವ ವಾಸನೆಗೆ ಮೂಗು ಮುಚ್ಚಿಕೊಳ್ಳುವವರ ಜೊತೆ ನನಗೆ ಹೆಚ್ಚು ಮಾತಿಲ್ಲ. ಒಂದು ವರ್ಷದ ಸಗಣಿ, ದನ ತಿಂದು ಬಿಟ್ಟ ಜೋಳದ ಕಣಿಕೆ, ಒಲೆಯ ಬೂದಿ ಎಲ್ಲ ಕೂಡಿ ಕೊಳೆತು ಕರ್ರಗಾಗಿ ಹೊರಬಂದಾಗ ಬರುವ ಆ ಘಾಟು ನನಗೆ ಬೇಸಿಗೆ ಮುಗಿಯುತ್ತ ಬಂತೆಂಬ ಸುದ್ದಿ. ಈ ಸಲ ಶಾಲೆಗೆ ರಜೆ ಬಿದ್ದಾಗ ಸುರೇಬಾನದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಕಾಕಾನ ಮಗ ಜೆಸಿಬಿ ತರಿಸಿ ತಿಪ್ಪೆ ಎತ್ತಿಸುತ್ತಿದ್ದ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಚಹಾ ಕುಡಿದು ಏಳುವಷ್ಟರಲ್ಲಿ ಮುಗಿಯುತ್ತ ಬಂದಿತ್ತು. ನಾನು ಬಿಸಿಲಲ್ಲಿ ನಿಂತು, ಆ ಕಬ್ಬಿಣದ ಬಾಯಿ ಮೇಲೆದ್ದಾಗಲೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಓಡಿಸುವ ಹುಡುಗನಿಗೆ ತಡೆಯಲಾಗಲಿಲ್ಲ, ಬಂಗಾರ ಬಿದ್ದಿದೆಯೇನ್ರಿ ಟೀಚರ ಎಂದು ಕೇಳಿದ. ಹಾವು ಹುಡುಕುತ್ತಿದ್ದೇನೆ ಎಂದೆ. ಅವನು ಯಂತ್ರ ನಿಲ್ಲಿಸಿ ಕಾಲು ಮೇಲೆತ್ತಿಕೊಂಡು ಕುಳಿತ.

ಹಾವು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೇ ನೋಡುತ್ತಿದ್ದೆ. ನಮ್ಮ ಕಡೆ ಎರಡುತಲೆ ಹಾವಿಲ್ಲದ ತಿಪ್ಪೆಯೇ ಇಲ್ಲ ಎನ್ನುವ ಕಾಲವೊಂದಿತ್ತು. ಮೊದಲು ಜನ ಅದನ್ನು ಮುಟ್ಟಿದರೆ ಕೇಡು ಎಂದು ಬಡಿದರು. ಮುಂದೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಯಾರೋ ಹೊರಗಿನವರು ಜೀಪಿನಲ್ಲಿ ಬಂದು, ಅದು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ ಎಂದು ಪಿಸುಗುಟ್ಟಿ ಹೋದರು. ಹತ್ತಿರ ಸುಳಿಯಲು ಹೆದರುತ್ತಿದ್ದ ಅದೇ ಜನ ಚೀಲ ಹಿಡಿದು ಬದುವು ಬದುವು ಅಗೆದರು. ಬೈದೂ ಕೊಂದರು, ಹೊಗಳಿಯೂ ಕೊಂದರು ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿರುತ್ತೇನೆ. ಮಕ್ಕಳು ನಗುತ್ತಾರೆ. ನನಗೆ ಮಾತ್ರ ಆ ಮಾತು ಆಡಿದಾಗಲೆಲ್ಲ ನಮ್ಮಕ್ಕನ ಕಾಲು ಕಣ್ಣಿಗೆ ಕಟ್ಟುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ ಅದು. ನಾನು ರಾಮದುರ್ಗದಲ್ಲಿ ಪಿಯುಸಿ ಪರೀಕ್ಷೆ ಬರೆದು ಬಂದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಕಾಯುವ ಕೆಲಸವಂತೂ ಹುಟ್ಟಿನಿಂದಲೇ ಆಗಿಬಂದಿಲ್ಲ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಗಿರಿಜಕ್ಕ ನನಗೆ ತೀರ ವಿರುದ್ಧ. ಅವಳು ನಡೆದರೆ ಕೋಳಿಮರಿಯೂ ಎದ್ದು ಓಡುತ್ತಿರಲಿಲ್ಲ. ಯುಗಾದಿ ಮುಗಿದ ಮೇಲೆ ಅವಳ ಮದುವೆ ಗೊತ್ತಾಗಿತ್ತು. ಹುಡುಗ ಎಂ.ಕೆ. ಹುಬ್ಬಳ್ಳಿ ಕಡೆಯ ಹಳ್ಳಿಯವನು, ಕಬ್ಬು ಬೆಳೆಯುವ ಮನೆ. ಅವನ ತಾಯಿ ಶಿವಲಿಂಗವ್ವನವರೇ ಬಂದು ಅಕ್ಕನಿಗೆ ಕುಂಕುಮ ಹಚ್ಚಿ, ಸಕ್ಕರೆ ತಿನ್ನಿಸಿ ಹೋಗಿದ್ದರು. ಲಗ್ನ ದೀಪಾವಳಿ ಕಳೆದ ಮೇಲೆ ಎಂದು ಮಾತಾಗಿತ್ತು.

ಅಕ್ಕನ ಕಾಲಲ್ಲಿ ಆಗ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇದ್ದವು. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಅಪ್ಪ ಸವದತ್ತಿ ಪೇಟೆಯಲ್ಲಿ ಕೊಡಿಸಿದ್ದು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅದುವರೆಗೆ ಅವರಾಗಿ ಕೇಳದೆ ಯಾರೂ ಏನನ್ನೂ ತಂದುಕೊಟ್ಟಿರಲಿಲ್ಲ. ಅಪ್ಪ ತಾನೇ ಅಂಗಡಿಯೊಳಗೆ ಹೋಗಿ ಕಾಲಿನ ಅಳತೆ ಕೇಳಿದರೆ ಅಕ್ಕನ ಬಳೆಯ ಅಳತೆಯನ್ನು ಬೆರಳಿನಲ್ಲಿ ತೋರಿಸಿ ಅಂಗಡಿಯವನನ್ನು ನಗಿಸಿದ್ದ. ಅಕ್ಕ ಅವನ್ನು ಹಗಲೆಲ್ಲ ಹಾಕುತ್ತಿದ್ದಳು. ಹಿತ್ತಲಿಗೆ, ಬಾವಿಗೆ, ಹೊಲದ ದಾರಿಗೆ, ಎಲ್ಲದಕ್ಕೂ ಅವೇ. ದೇವರ ಮನೆಗೊಂದು ಹಾಕಿಲ್ಲ ನೋಡು ಎಂದು ನಾನು ಕಾಡಿಸುತ್ತಿದ್ದೆ.

ರೋಹಿಣಿ ಮಳೆಗೆ ಮುಂಚೆ ತಿಪ್ಪೆ ಕಡಿದು ಹೊಲಕ್ಕೆ ಗೊಬ್ಬರ ಚೆಲ್ಲುವ ಕೆಲಸ ಹತ್ತಿತು. ಆಳುಗಳು ಸಲಿಕೆಯಲ್ಲಿ ತುಂಬುವುದು, ಹೆಂಗಸರು ಬುಟ್ಟಿ ಹೊತ್ತು ಚಕ್ಕಡಿಗೆ ಹಾಕುವುದು. ಗೊಬ್ಬರದಲ್ಲಿ ಚಪ್ಪಲಿ ಕೆಡುತ್ತವೆಂದು ಅಕ್ಕ ಅವನ್ನು ಬೇವಿನ ಗಿಡದ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು. ಅಡಿಯ ಪದರು ಕಿತ್ತಾಗ ಅದು ಹೊರಬಂತು. ಮಣ್ಣಿನ ಕೆಂಪು ಬಣ್ಣ, ರಟ್ಟೆಯಷ್ಟು ದಪ್ಪ, ಎಣ್ಣೆ ಹಚ್ಚಿ ಒರೆಸಿದಂಥ ನುಣುಪು ಮೈ. ಬಾಲ ಕತ್ತರಿಸಿಟ್ಟಂತೆ ಮೊಂಡಾಗಿದ್ದುದರಿಂದ ತಲೆ ಯಾವುದು, ಬಾಲ ಯಾವುದು ಎಂದು ಹೇಳಲು ಒಂದು ಕ್ಷಣ ಬೇಕು. ಅದಕ್ಕೇ ಅದಕ್ಕೆ ಎರಡುತಲೆಯ ಹೆಸರು. ಆರು ತಿಂಗಳು ಒಂದು ತಲೆ ನಡೆಸುತ್ತದೆ, ಆರು ತಿಂಗಳು ಇನ್ನೊಂದು ಎಂಬುದು ಊರಿನ ನಂಬಿಕೆ. ಬೆಳಕು ಕಂಡು ಗಾಬರಿಯಾದ ಆ ಪ್ರಾಣಿ ಅವಸರವಿಲ್ಲದೆ ಅಕ್ಕನ ಬಲಗಾಲಿನ ಮೇಲೆ ಹಾದು ಹೋಯಿತು. ಆಳು ಸಲಿಕೆ ಎತ್ತಿದ. ಅಕ್ಕ ಬೇಡವೆಂದು ಕೈ ಅಡ್ಡ ಹಿಡಿದಳು. ತನ್ನ ಬುಟ್ಟಿಯನ್ನೇ ಮಲಗಿಸಿ, ಕೈಯಿಂದ ಅದನ್ನು ಒಳಗೆ ಸರಿಸಿ, ಬದುವಿಗೆ ಒಯ್ದು ಬಿಟ್ಟು ಬಂದಳು.

ಇದನ್ನೆಲ್ಲ ಹತ್ತು ಜನ ನೋಡಿದರು. ನೋಡಿದವರಲ್ಲಿ ಪಕ್ಕದ ಮನೆಯ ನೀಲವ್ವ ಕಾಕು ಇದ್ದಳು. ಅವಳು ನೋಡಿದ್ದು ಊರೇ ನೋಡಿದಂತೆ. ಎರಡುತಲೆಯದು ನೆಕ್ಕಿದ ಕಡೆ ತೊನ್ನು ಹತ್ತುತ್ತದೆ ಎಂದು ಆಕೆ ಅಂದೇ ಅವ್ವನ ಕಿವಿಯಲ್ಲಿ ಹಾಕಿದಳು. ಅವ್ವ ಅಕ್ಕನ ಕಾಲಿಗೆ ಅರಿಷಿಣ ಹಚ್ಚಿ, ವಿಭೂತಿ ಹಚ್ಚಿ, ಬಿಸಿನೀರಿನಲ್ಲಿ ತಿಕ್ಕಿ ತೊಳೆದಳು.

ಮೃಗಶಿರೆ ಮಳೆ ಹನಿಯುವ ಹೊತ್ತಿಗೆ ಅಕ್ಕನ ಕಾಲಿನ ಮೇಲೆ ಬೆಳ್ಳಗೆ ಕಾಣಿಸಿಕೊಂಡಿತು. ಮೊದಲು ಉಗುರಿನಷ್ಟು, ಆಮೇಲೆ ಬೆರಳ ಸಂದಿಯಿಂದ ಮೇಲಕ್ಕೆ ಎರಡು ಕವಲಾಗಿ. ಬಲಗಾಲಲ್ಲಿ ಅಷ್ಟೇ ಅಲ್ಲ, ಎಡಗಾಲಲ್ಲಿ ಕೂಡ. ಹಾವು ಹಾದದ್ದು ಬಲಗಾಲಿನ ಮೇಲೆ ಮಾತ್ರ ಎಂದು ನಾನು ಎಷ್ಟು ಕೂಗಿ ಹೇಳಿದರೂ ಕೇಳುವವರಿಲ್ಲ. ಅದು ಹಬ್ಬುವಂಥದ್ದು ಎಂದು ಕಾಕು ತೀರ್ಪು ಕೊಟ್ಟಾಗಿತ್ತು. ನಮ್ಮ ಮನೆಯಲ್ಲಿ ಆ ದಿನದಿಂದ ಬೆಳಗಿನ ಪೂಜೆಗೆ ಮೊದಲು ಒಂದು ಪೂಜೆ ಶುರುವಾಯಿತು. ಅವ್ವ ಹೊಸ್ತಿಲ ಬೆಳಕಿನಲ್ಲಿ ಅಕ್ಕನ ಕಾಲು ತೊಡೆಯ ಮೇಲೆ ಇಟ್ಟುಕೊಂಡು ನಿನ್ನೆಗಿಂತ ದೊಡ್ಡದಾಗಿದೆಯೇ ಎಂದು ನೋಡುವುದು. ಒಂದು ದಿನ ಆಗಿದೆ ಅನಿಸುವುದು, ಮರುದಿನ ಇಲ್ಲ ಅನಿಸುವುದು.

ಅಪ್ಪ ಸಲಿಕೆ ತೆಗೆದುಕೊಂಡು ಬದುವಿನ ಮೇಲೆ ತಿರುಗತೊಡಗಿದ. ಎರಡುತಲೆ ಹಾವು ಕಂಡಲ್ಲಿ ಬಡಿದ. ಅದರ ದಾಯಾದಿ ಇನ್ನೊಂದಿದೆ. ಗಿಡ್ಡ, ಒರಟು ಮೈ, ಬೆನ್ನ ಮೇಲೆ ಕಂದು ಮಚ್ಚೆ, ಬಾಲ ಮೊನಚು. ಅದಕ್ಕೆ ನಮ್ಮಲ್ಲಿ ಮಣ್ಣುಮುಕ್ಕ ಎನ್ನುತ್ತಾರೆ. ಮಚ್ಚೆ ಕೊಳಕುಮಂಡಲದ ಮಚ್ಚೆಯ ಹಾಗೇ ಇರುವುದರಿಂದ ವಿಷವಿಲ್ಲದ ಆ ಬಡಪಾಯಿ ಹೇಗಿದ್ದರೂ ಸಾಯುತ್ತಿತ್ತು. ಆ ಮುಂಗಾರಿನಲ್ಲಿ ಅಪ್ಪನ ಕೈಯಲ್ಲಿ ಎರಡೂ ಸತ್ತವು. ಊರಿನ ಇತರರೂ ಕೈಜೋಡಿಸಿದರು. ಸತ್ತ ಹಾವುಗಳನ್ನು ಜಾಲಿಮುಳ್ಳಿನ ಮೇಲೆ ಸಾಲಾಗಿ ಹಾಕಿದ್ದನ್ನು ನೋಡಿ ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು.

ಒಂದು ಮುಂಜಾನೆ ಕಾಕುವಿನ ಗಂಡ ತಮ್ಮ ಹಿತ್ತಲಿನಲ್ಲಿ ಕೆಂಪು ಹಾವೊಂದಕ್ಕೆ ಕೋಲೆತ್ತಿದ್ದ. ನಾನು ನುಗ್ಗಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ದನದ ಮನೆಯ ಮೂಲೆಯಲ್ಲಿ ನೀರು ತುಂಬುವ ದೊಡ್ಡ ಮಣ್ಣಿನ ಹರವಿಯೊಂದು ಬಾಯಿ ಒಡೆದು ಬಿದ್ದಿತ್ತು. ಅದರಲ್ಲಿ ಅರ್ಧ ಉಸುಕು ಮಣ್ಣು ತುಂಬಿ, ಹಾವನ್ನು ಬಿಟ್ಟು, ಮೇಲೆ ಕಲ್ಲಿನ ಚಪ್ಪಡಿ ಇಟ್ಟೆ. ಜೀವಶಾಸ್ತ್ರದಲ್ಲಿ ಕಪ್ಪೆ ಕೊಯ್ದು ಬಂದವಳಿಗೆ ಲೋಕವೇ ಅರ್ಥವಾಗಿದೆ ಎಂಬ ಜಂಬ. ಇದು ನೆಕ್ಕುತ್ತದೋ ಇಲ್ಲವೋ ನಾನೇ ನೋಡಿ ಹೇಳುತ್ತೇನೆ ಎಂದುಕೊಂಡೆ.

ದಿನಾ ನೋಡಿದೆ. ಅದು ಮಣ್ಣಿನಲ್ಲಿ ಮುಳುಗಿ ಕಣ್ಣು ಮತ್ತು ಮೂಗಷ್ಟೇ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಮಲಗಿರುತ್ತಿತ್ತು. ಮುಟ್ಟಿದರೆ ತಲೆಯನ್ನು ಸುತ್ತಿಕೊಂಡ ಮೈಯ ಕೆಳಗೆ ಅಡಗಿಸಿ, ಮೊಂಡು ಬಾಲ ಎತ್ತಿ ಮೆಲ್ಲಗೆ ಅಲ್ಲಾಡಿಸುತ್ತಿತ್ತು. ಬಾಲದ ಮೇಲೆ ಹಳೆಯ ಗಾಯದ ಗುರುತುಗಳಿದ್ದವು. ಯಾವುದೋ ಮುಂಗುಸಿಯೋ ನಾಯಿಯೋ ಬಾಲವನ್ನೇ ತಲೆಯೆಂದು ಕಚ್ಚಿ ಮೋಸ ಹೋಗಿದ್ದಿರಬೇಕು. ಎರಡು ತಲೆಯ ಕತೆ ಅಷ್ಟೇ. ನಾಲಿಗೆ ಹೊರಗೆ ಬಂದು ಹೋಗುತ್ತಿತ್ತು, ಗಾಳಿಯ ವಾಸನೆ ಹಿಡಿಯಲು. ನೆಕ್ಕುವಂಥ ನಾಲಿಗೆಯೇ ಅದಲ್ಲ, ದಾರದ ಎಳೆಯಂಥದ್ದು. ಕಣಿಕೆ ಬಣವೆಯಿಂದ ಇಲಿಮರಿ ತಂದು ಹಾಕಿದೆ. ಮೂಸಿಯೂ ನೋಡಲಿಲ್ಲ. ಸೊರಗಿ ಸಾಯುತ್ತದೇನೋ ಎಂದು ನನಗೆ ಅಳುಕು ಹತ್ತಿತು. ಆದರೆ ಅದು ಸೊರಗುವ ಬದಲು ಇನ್ನಷ್ಟು ಗುಂಡಗಾಗುತ್ತಿತ್ತು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಹರವಿಯೊಳಗೆ ನನ್ನ ಎಡಗಾಲನ್ನೇ ಇಳಿಬಿಟ್ಟು ಕುಳಿತೆ. ಹಾವು ಕಾಲಿನ ಮೇಲೆ ಹಾದು, ಹಿಮ್ಮಡಿ ಸುತ್ತಿ, ನಾಲಿಗೆ ತಾಗಿಸಿ, ಬೇಸರಪಟ್ಟು ಮತ್ತೆ ಮಣ್ಣಿಗಿಳಿಯಿತು. ಹಾಲು ಹಿಂಡಲು ಬಂದ ಅವ್ವ ಅದನ್ನು ಕಂಡು ಚರಿಗೆ ಕೈಬಿಟ್ಟಳು. ಅಂದು ನನಗೆ ಬಿದ್ದ ಬೈಗುಳವನ್ನು ಬರೆಯುವಂತಿಲ್ಲ. ಒಬ್ಬ ಮಗಳಿಗೆ ಆದದ್ದು ಸಾಲದೆಂದು ಇನ್ನೊಬ್ಬಳು ತಾನಾಗಿ ಹೋಗಿ ತಂದುಕೊಳ್ಳುತ್ತಿದ್ದಾಳೆ ಎಂದು ಆಕೆ ಅತ್ತದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಮರುದಿನದಿಂದ ಹೊಸ್ತಿಲಲ್ಲಿ ಎರಡು ಜೊತೆ ಕಾಲುಗಳ ತಪಾಸಣೆ ನಡೆಯಿತು. ವಾರಗಳು ಕಳೆದವು. ನನ್ನ ಕಾಲಿಗೆ ಏನೂ ಆಗಲಿಲ್ಲ. ಗೆದ್ದೆನೆಂದು ಕಾಕುವಿನ ಮುಂದೆ ಕಾಲು ಚಾಚಿ ತೋರಿಸಿದೆ. ಆಕೆ ಒಂದು ಗಳಿಗೆ ಯೋಚಿಸಿ, ಈಗ ಇನ್ನೊಂದು ತಲೆಯ ಪಾಳಿ ನಡೆದಿದೆ, ನೆಕ್ಕುವ ತಲೆ ಅದಲ್ಲ ಎಂದಳು. ನನ್ನ ವಿಜ್ಞಾನಕ್ಕೆ ಅಲ್ಲಿಗೆ ಮಾತು ಮುಗಿಯಿತು.

ಆ ಜಂಬ ಇನ್ನೊಂದು ಕಡೆಯೂ ಮುರಿಯಿತು. ಎರಡೂ ಜಾತಿಯನ್ನು ಹೋಲಿಸಿ ನೋಡೋಣವೆಂದು ಮಣ್ಣುಮುಕ್ಕವನ್ನು ಹುಡುಕಿಕೊಂಡು ಹೊರಟಿದ್ದೆ. ಬದುವಿನ ಕಲ್ಲಿನಡಿ ಮಚ್ಚೆಯ ಬೆನ್ನು ಕಂಡಿತು. ಸಿಕ್ಕಿತೆಂದು ಕೈಯಿಡಲು ಬಗ್ಗಿದೆ. ಅದು ಉಸಿರು ತುಂಬಿಕೊಂಡು, ಟ್ರ್ಯಾಕ್ಟರಿನ ಗಾಲಿಯಿಂದ ಗಾಳಿ ಬಿಟ್ಟಂತೆ ಬುಸುಗುಟ್ಟಿತು. ಮಣ್ಣುಮುಕ್ಕ ಹಾಗೆ ಬುಸುಗುಡುವುದಿಲ್ಲ. ಮಚ್ಚೆಗಳು ಸರಪಳಿಯ ಕೊಂಡಿಗಳ ಹಾಗೆ ಸಾಲಾಗಿದ್ದುದು, ತಲೆ ಕುತ್ತಿಗೆಗಿಂತ ಅಗಲವಾಗಿದ್ದುದು ಆಮೇಲೆ ಕಂಡಿತು. ಕೊಳಕುಮಂಡಲ. ಕೈಯನ್ನು ಹೇಗೆ ಹಿಂದಕ್ಕೆಳೆದುಕೊಂಡೆನೋ ಗೊತ್ತಿಲ್ಲ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಆದರೆ ಸಲಿಕೆ ಎತ್ತುವವರ ಮೇಲಿನ ನನ್ನ ಸಿಟ್ಟು ಅಂದಿನಿಂದ ಒಂದು ಹಿಡಿ ಕಡಿಮೆಯಾಯಿತು.

ಸುದ್ದಿ ಬೈಲಹೊಂಗಲ ದಾಟಿ ಕಿತ್ತೂರು ಕಡೆಯ ಬೀಗರ ಕಿವಿಗೆ ಹೋಗುತ್ತದೆ ಎಂಬ ಹೆದರಿಕೆಗೆ ಅವ್ವ ಅಪ್ಪನ ಬೆನ್ನು ಹತ್ತಿದಳು. ಕಡೆಗೆ ಅಪ್ಪ ಅಕ್ಕನ ಜೊತೆ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಸವದತ್ತಿಗೆ ಹೊರಟ. ಅಲ್ಲಿ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬಂದು ಕೂರುತ್ತಿದ್ದರು. ದೂರದಲ್ಲಿ ಎಲ್ಲಮ್ಮನ ಗುಡ್ಡ ಕಂಡಾಗ ಅವ್ವ ಬಸ್ಸಿನಲ್ಲೇ ಎದ್ದು ನಿಂತು ಕೈ ಮುಗಿದಳು. ಡಾಕ್ಟರು ಕಾಲು ನೋಡಿದರು, ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಅವ್ವ ಹಾವಿನ ಕತೆ ಹೇಳಿ ಮುಗಿಸುವವರೆಗೂ ತಾಳಿಕೊಂಡು, ಅಕ್ಕನನ್ನು ಕೇಳಿದರು.

"ಕಾಲಿಗೆ ಏನ್ ಹಾಕತೀಯವಾ?"

ಅಕ್ಕ ಬಾಗಿಲ ಹೊರಗೆ ಬಿಟ್ಟಿದ್ದ ನೀಲಿ ಪಟ್ಟಿಯ ಚಪ್ಪಲಿ ತೋರಿಸಿದಳು. ಡಾಕ್ಟರು ತಲೆಯಾಡಿಸಿದರು. ರಬ್ಬರಿನಲ್ಲಿ ಹಾಕುವ ಯಾವುದೋ ಔಷಧಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತಾಗಿದಲ್ಲಿ ಬಣ್ಣ ಹೋಗುತ್ತದೆ, ಇಂಥ ಕಾಲು ಬಹಳ ನೋಡಿದ್ದೇನೆ ಎಂದರು. ಹಾಕುವುದು ಬಿಟ್ಟರೆ ಬಣ್ಣ ತಿರುಗಿ ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದರು. ಹಚ್ಚಲು ಮುಲಾಮು ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ಅಪ್ಪ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಲೋಕವೆಲ್ಲ ಹಾಕಿಕೊಂಡು ತಿರುಗುವ ಚಪ್ಪಲಿಯಿಂದ ತೊನ್ನು ಬರುವುದೆಂದರೆ ಡಾಕ್ಟರಿಗೆ ತಿಳಿಯಲಿಲ್ಲ ಎಂದೇ ಅರ್ಥ ಎಂದ. ಅವ್ವನಿಗೂ ಅದೇ ಸರಿಯೆನಿಸಿತು. ಹಾವು ಎಂದರೆ ದೇವರಿದ್ದಾನೆ, ಹರಕೆಯಿದೆ, ದೋಷ ಕಳೆಯುವ ದಾರಿಯಿದೆ. ಚಪ್ಪಲಿ ಎಂದರೆ ಯಾರಿಗೆ ಹರಕೆ ಹೊರುವುದು? ಅಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬಸ್ ಹತ್ತಿದಳು. ಊರಿಗೆ ಬಂದ ಮೇಲೆ ಆ ಚಪ್ಪಲಿ ಕಣ್ಣಿಗೆ ಬೀಳಲಿಲ್ಲ. ಅವ್ವ ಎಸೆದಿರಬೇಕು ಎಂದುಕೊಂಡೆ.

ಆಷಾಢದ ಗಾಳಿ ಬೀಸುತ್ತಿತ್ತು. ಹೆಸರು, ಶೇಂಗಾ ಮೊಳೆತು ಎರಡೆಲೆಯಾಗಿದ್ದವು. ಒಂದು ಬೆಳಗ್ಗೆ ಹರವಿಯ ಚಪ್ಪಡಿ ಸರಿಸಿದರೆ ಒಳಗೆ ಒಂದಲ್ಲ, ಹಲವು ಹಾವು. ಕಿರುಬೆರಳ ಗಾತ್ರದ ಮರಿಗಳು, ಕೇಸರಿ ಬಣ್ಣ, ಬಾಲದ ಮೇಲೆ ಕರಿ ಉಂಗುರ. ಕೆಲವಕ್ಕೆ ಇನ್ನೂ ಈರುಳ್ಳಿ ಸಿಪ್ಪೆಯಂಥ ಪೊರೆ ಅಂಟಿತ್ತು. ಇಂಥ ಉಂಗುರದ ಹಾವನ್ನು ನಾವು ಹೊಲದಲ್ಲಿ ಕಂಡಿದ್ದೆವು; ಅದು ಬೇರೆಯೇ ಜಾತಿ, ಇನ್ನೂ ಕೆಟ್ಟದ್ದು ಎಂದು ತಿಳಿದಿದ್ದೆವು. ನೋಡಿದರೆ ಅದೇ ತಾಯಿಯ ಮಕ್ಕಳು. ಮೊಟ್ಟೆಯಿಡದೆ ಹಡೆಯುವ ಹಾವಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಓಡಿಹೋಗಿ ಅಕ್ಕನನ್ನು ಕೈಹಿಡಿದು ಎಳೆದುಕೊಂಡು ಬಂದೆ.

ಅಕ್ಕ ಹರವಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಒಂದು ಮರಿಯನ್ನು ಅಂಗೈಗೆ ಹತ್ತಿಸಿಕೊಂಡಳು. ಅದು ಅವಳ ಬಳೆಗಳ ನಡುವೆ ನುಸುಳಿ ಹೊರಬಂತು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಅಂದು. ಡಾಕ್ಟರು ಹೇಳಿದ್ದೇ ಖರೆ, ಎಲ್ಲರ ಮುಂದೆ ಹೇಳಿಬಿಡು, ನಿನ್ನ ಮಾತನ್ನಾದರೂ ನಂಬುತ್ತಾರೆ ಎಂದು ನಾನು ಒತ್ತಾಯ ಮಾಡಿದೆ. ಅವಳು ಮರಿಯನ್ನು ಮಣ್ಣಿಗೆ ಬಿಟ್ಟು ಕೈ ಒರೆಸಿಕೊಂಡಳು.

"ಚಪ್ಪಲ್ಲಂದ್ರ ಅಪ್ಪ ತಂದದ್ದು ಅಂತಾಗತೈತಿ, ಸುಮಿ. ಹಾವ ಅಂದ್ರ ಯಾರೂ ತಂದದ್ದಲ್ಲ. ಹಂಗ ಇರ್ಲಿ ಬಿಡು."

ಆ ಸಂಜೆಗೆ ಮೊದಲು ಇಬ್ಬರೂ ಕೂಡಿ ತಾಯಿಯನ್ನೂ ಮರಿಗಳನ್ನೂ ಬುಟ್ಟಿಯಲ್ಲಿ ಒಯ್ದು, ಯಾರೂ ಉಳದ ಕಲ್ಲುನೆಲದ ಮಡ್ಡಿಯಂಚಿನ ಸಡಿಲ ಮಣ್ಣಿನಲ್ಲಿ ಬಿಟ್ಟೆವು. ತಾಯಿ ತಲೆ ತೂರಿಸಿ ಕಾಣೆಯಾದಳು. ಮರಿಗಳು ಒಂದೊಂದು ದಿಕ್ಕಿಗೆ ಹೋದವು. ನಮ್ಮ ಹಾಗೆ ತಾಯಿಯ ಸೆರಗು ಹಿಡಿಯುವ ಅಭ್ಯಾಸ ಅವಕ್ಕಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ಮದುವೆ ಗೊತ್ತಾದ ಹುಡುಗಿಗೆ ನಾಗರ ಪಂಚಮಿಗೆ ಗಂಡಿನ ಮನೆಯಿಂದ ಕೊಬ್ಬರಿ, ಕುಬುಸದ ಬಟ್ಟೆ ಬರಬೇಕು. ಬಂತೆಂದರೆ ಮಾತು ಗಟ್ಟಿ. ಬರಲಿಲ್ಲವೆಂದರೆ ಯಾರೂ ಬಂದು ಸಂಬಂಧ ಮುರಿಯಿತು ಎಂದು ಹೇಳುವ ಅಗತ್ಯವಿಲ್ಲ, ಊರೇ ತಿಳಿದುಕೊಳ್ಳುತ್ತದೆ. ಆಷಾಢವಿಡೀ ಅಲ್ಲಿಂದ ಒಂದು ಮಾತೂ ಬಂದಿರಲಿಲ್ಲ. ಅವ್ವ ಉಂಡಿ ಕಟ್ಟುತ್ತ ಕಟ್ಟುತ್ತ ರಸ್ತೆ ನೋಡುವಳು, ಬಸ್ಸಿನ ಸದ್ದಾದರೆ ಬೆಲ್ಲದ ಪಾಕ ಸೀಯಲು ಬಿಟ್ಟು ಹೊರಗೆ ಬರುವಳು. ಅಂಗಳದ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಾಗಿತ್ತು. ಓಣಿಯ ಹುಡುಗಿಯರೆಲ್ಲ ಜೀಕಿದರು. ಪ್ರತಿ ವರ್ಷ ಎಲ್ಲರಿಗಿಂತ ಮೇಲೆ ಹೋಗುತ್ತಿದ್ದ ಅಕ್ಕ ಆ ವರ್ಷ ಹತ್ತಿರವೂ ಹೋಗಲಿಲ್ಲ. ಜೋಕಾಲಿಯಲ್ಲಿ ಮೊದಲು ಕಾಣುವುದು ಕಾಲು.

ಹಾಲೆರೆಯುವ ಹೊತ್ತು ಬಂತು. ಹುತ್ತದ ಮಣ್ಣಿನ ನಾಗಪ್ಪನ ಮೇಲೆ ಕೊಬ್ಬರಿ ಬಟ್ಟಲಿನಿಂದ ಹನಿ ಹನಿ ಹಾಲು ಬಿಡುತ್ತ ಒಬ್ಬೊಬ್ಬರ ಪಾಲು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಅಕ್ಕ ಅತ್ತೆಮನೆಯ ಪಾಲು ಎನ್ನುತ್ತಾಳೇನೋ ಎಂದು ಅವ್ವ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಅಕ್ಕ ತಿಪ್ಪೆಯ ಹಾವಿನ ಪಾಲು ಎಂದಳು. ಹಿಂದೆ ಕೂತಿದ್ದ ಅಪ್ಪ ಎದ್ದು ಹೊರಗೆ ಹೋದ.

ಮಧ್ಯಾಹ್ನ ಇಳಿಯುವಾಗ ಬಸ್ಸಿನಿಂದ ಶಿವಲಿಂಗವ್ವನವರು ಇಳಿದರು. ಜೊತೆಗೆ ಅವರ ಮೈದುನ, ಅವನ ಕೈಯಲ್ಲಿ ಮುಚ್ಚಿದ ಬುಟ್ಟಿ. ಇದಕ್ಕೆ ಗಂಡಸರನ್ನು ಕಳಿಸುವುದು ರೂಢಿ. ಬೀಗತಿ ತಾವೇ ಬಂದದ್ದು ಯಾಕೆಂದು ಎಲ್ಲರಿಗೂ ಗೊತ್ತಾಯಿತು. ಅವರು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕಂಬಳಿಯ ಮೇಲೆ ಕುಳಿತರು. ಬುಟ್ಟಿಯನ್ನು ಮೈದುನ ತನ್ನ ಮಗ್ಗುಲಲ್ಲೇ ಇಟ್ಟುಕೊಂಡ. ಕೊಟ್ಟ ನೀರು ಕುಡಿದರು, ಉಂಡಿ ಮುಟ್ಟಲಿಲ್ಲ. ಕಾಕು ಬಾಗಿಲ ಮರೆಗೆ ಬಂದು ನಿಂತಾಗಿತ್ತು.

"ಸಿಟ್ಟಾಗಬ್ಯಾಡ್ರಿ," ಎಂದರು ಶಿವಲಿಂಗವ್ವ. "ನಾಗದೋಷ ಅಂತ ಮಂದಿ ಹೇಳಿದ್ರು. ಕಣ್ಣಿಂದ ನೋಡಿ ಹೋಗೂಣಂತ ಬಂದೇನಿ. ಹುಡುಗೀನ ಕರೀರಿ."

ಅವ್ವ ಮುಂಜಾನೆಯೇ ಅಕ್ಕನ ಕಾಲಿಗೆ ಮದರಂಗಿ ಮೆತ್ತಲು ನೋಡಿದ್ದಳು, ಅಕ್ಕ ಒಪ್ಪಿರಲಿಲ್ಲ. ಬಂದು ನಿಂತಳು. ಸೀರೆಯನ್ನು ತಾನೇ ಒಂದು ಗೇಣು ಮೇಲೆತ್ತಿದಳು. ಎರಡೂ ಕಾಲಿನ ಮೇಲೆ ಬೆರಳ ಸಂದಿಯಿಂದ ಹೊರಟು ಕವಲೊಡೆದ ಬಿಳುಪು ಗೋಡೆಗೆ ಸುಣ್ಣದಲ್ಲಿ ಎಳೆದಷ್ಟು ಸ್ಪಷ್ಟವಾಗಿತ್ತು. ಶಿವಲಿಂಗವ್ವ ನೋಡಿದರು. ಮುಖ ಬಿಗಿಯಾಯಿತು. ಯಾವ ಹಾವು, ಎಲ್ಲಿ ಮುಟ್ಟಿತು, ಯಾವ ಪೂಜೆ ಮಾಡಿಸಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಹಿಸುಕಿದಳು. ಮೈದುನ ಬುಟ್ಟಿಯ ಹಿಡಿಗೆ ಕೈ ಹಾಕಿದ.

ಆಗ ಅಪ್ಪ ಎದ್ದ. ಗೋಡೆಗೆ ಒರಗಿಸಿದ್ದ ನಿಚ್ಚಣಿಕೆ ಹತ್ತಿ ಅಟ್ಟದ ಮೇಲೆ ಹೋದ. ಅಲ್ಲಿ ಏನನ್ನೋ ಸರಿಸಿದ ಸದ್ದು ಕೇಳಿತು. ಇಳಿದು ಬಂದಾಗ ಕೈಯಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಗಂಟಿತ್ತು. ಬಿಚ್ಚಿದ. ನೀಲಿ ಪಟ್ಟಿಯ ಚಪ್ಪಲಿ. ಎಸೆದಿರಲಿಲ್ಲ. ಡಾಕ್ಟರ ಬಾಗಿಲಲ್ಲಿ ನಕ್ಕ ದಿನವೇ ಅವನಿಗೆ ಒಳಗೆ ಗೊತ್ತಾಗಿತ್ತೆಂದು ನನಗೆ ಆಗ ತಿಳಿಯಿತು. ಸಲಿಕೆ ಹಿಡಿದು ಹೊಲಹೊಲ ತಿರುಗಿದ ಮನುಷ್ಯ ಎಲ್ಲರ ಎದುರಿಗೆ ಮಗಳ ಮುಂದೆ ಮೊಣಕಾಲೂರಿದ. ತಂದೆ ಮಗಳ ಕಾಲು ಹಿಡಿಯುವುದನ್ನು ಅಲ್ಲಿದ್ದ ಯಾರೂ ಹಿಂದೆ ಕಂಡಿರಲಿಲ್ಲ. ಅಕ್ಕ ಹಿಂದೆ ಸರಿದಳು. ಅವನು ಬಿಡದೆ ಒಂದೊಂದಾಗಿ ಎರಡೂ ಚಪ್ಪಲಿಯನ್ನು ಅವಳ ಕಾಲಿಗೆ ತೊಡಿಸಿದ. ನೀಲಿ ಪಟ್ಟಿ ಬಿಳುಪಿನ ಮೇಲೆ ಕೂತಿತು, ಬಿಳುಪೆಲ್ಲ ಅದರ ಕೆಳಗೆ ಮುಚ್ಚಿಹೋಯಿತು.

"ಹಾವಲ್ರೀ ಬೀಗತೇರ," ಎಂದ. "ಇದು. ನಾನ ತಂದ ಕೊಟ್ಟದ್ದು. ಡಾಕ್ಟರು ಅವತ್ತ ಹೇಳಿದ್ರು, ನನಗ ಒಪ್ಪಿಕೊಳ್ಳಾಕ ಆಗಲಿಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಶಿವಲಿಂಗವ್ವ ಅಕ್ಕನ ಕಾಲನ್ನು ನೋಡಿದರು, ಚಪ್ಪಲಿ ತೆಗೆಸಿ ನೋಡಿದರು, ಮತ್ತೆ ತೊಡಿಸಿ ನೋಡಿದರು. ಆಮೇಲೆ ತಮ್ಮ ಸೀರೆಯ ಅಂಚನ್ನು ಸ್ವಲ್ಪ ಎತ್ತಿ ತಮ್ಮ ಕಾಲನ್ನು ನೋಡಿಕೊಂಡು ಥಟ್ಟನೆ ಮುಚ್ಚಿಕೊಂಡರು. ಬೆರಳ ಸಂದಿಯಲ್ಲಿದ್ದ ಉಗುರಿನಷ್ಟು ಬಿಳುಪು ಅವರ ಎದುರಿಗಿದ್ದ ನನಗಷ್ಟೇ ಕಂಡಿತು. ಅವರು ಮೈದುನನ ಕೈಯಿಂದ ಬುಟ್ಟಿ ತೆಗೆದುಕೊಂಡು ಅಕ್ಕನ ಮುಂದೆ ಇಟ್ಟರು. ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು. ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಾಗಿಲ ಮರೆಯಲ್ಲಿದ್ದ ನೀಲವ್ವ ಕಾಕು ಬಗ್ಗಿ ತನ್ನ ಕಾಲಿನ ಬೆರಳ ಸಂದಿ ನೋಡಿಕೊಳ್ಳುತ್ತಿದ್ದಳು.

ಅವರು ಹೋದ ಮೇಲೆ ನೋಡಿದರೆ ಹೊಸ್ತಿಲ ಹೊರಗೆ ಒಂದು ಜೊತೆ ಹವಾಯಿ ಚಪ್ಪಲಿ ಉಳಿದಿದ್ದವು. ಅವಕ್ಕೂ ನೀಲಿ ಪಟ್ಟಿ. ಗಡಿಬಿಡಿಯಲ್ಲಿ ಮರೆತರೆಂದು ಅವ್ವ ನನ್ನ ಕೈಗೆ ಕೊಟ್ಟು ಓಡು ಎಂದಳು. ಓಡಿದೆ. ಶಿವಲಿಂಗವ್ವ ಹಸಿ ಎರೆಮಣ್ಣಿನ ದಾರಿಯಲ್ಲಿ ಬರಿಗಾಲಲ್ಲಿ ಬಸ್ ನಿಲ್ಲುವ ಕಡೆ ನಡೆದಿದ್ದರು. ಚಪ್ಪಲಿ ಮುಂದೆ ಹಿಡಿದೆ. ಅವರು ನೋಡಿದರು, ಕೈ ಚಾಚಲಿಲ್ಲ.

"ಬ್ಯಾಡ ಬಿಡವಾ. ಒಲಿಗಿ ಹಾಕ್ರಿ ಅವನ್ನ. ಲಗ್ನಕ್ಕ ನಿಮ್ಮಕ್ಕಗ ತೊಗಲಿನ ಚಪ್ಪಲ್ ನಾನ ಹೊಲಿಸ್ಕೊಂಡು ಬರತೇನಿ ಅಂತ ನಿಮ್ಮಪ್ಪಗ ಹೇಳು."

ಬಸ್ ಬಂತು. ಅವರು ಕೆಸರಿನ ಕಾಲನ್ನು ಮೆಟ್ಟಿಲಿಗೆ ಒರೆಸಿ ಹತ್ತಿದರು.

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಓಡಿ ಬಂದು, ಅಂಗಳದಲ್ಲಿ ಕೂತಿದ್ದ ಅಪ್ಪನಿಗೆ ಆ ಮಾತು ಒಂದಕ್ಷರ ಬಿಡದೆ ಹೇಳಿದೆ. ಅಪ್ಪ ಕೇಳಿ ತಲೆ ತಗ್ಗಿಸಿ ಕೂತ. ಅಕ್ಕ ಬುಟ್ಟಿಯನ್ನು ಅವ್ವನ ಕೈಗಿತ್ತಳು. ಮೆಲ್ಲಗೆ ನಡೆದು ಬೇವಿನ ಗಿಡದ ಹತ್ತಿರ ಹೋದಳು, ಜೋಕಾಲಿಯಲ್ಲಿದ್ದ ಹುಡುಗಿಯರನ್ನು ಇಳಿಸಿದಳು, ಸೀರೆ ಎತ್ತಿ ಕಟ್ಟಿ ಹಲಗೆಯ ಮೇಲೆ ನಿಂತಳು. ತೂಗು ಎಂದಳು. ತೂಗಿದೆ. ಇನ್ನೂ ಜೋರಾಗಿ ಎಂದಳು. ಅವಳು ಮೇಲೆ ಹೋದಳು, ಬೇವಿನ ಎಲೆ ತಲೆಗೆ ತಾಕುವಷ್ಟು ಮೇಲೆ ಹೋದಳು. ಓಣಿಯ ಮಂದಿಯೆಲ್ಲ ಹೊರಗೆ ಬಂದು ತಲೆಯೆತ್ತಿ ಅವಳ ಕಾಲು ನೋಡುತ್ತಿದ್ದರು. ಅವಳು ಮುಚ್ಚಿಕೊಳ್ಳಲಿಲ್ಲ.